ಅತ್ತೆಯ ಮುಖ ನೋಡದೆ ಕಣಿವೆ ನೋಡುವ ಯೋಜನೆ

ಯೋಜನೆ ಹಾಕುವುದರಲ್ಲಿ ತನ್ನನ್ನು ಮೀರಿಸುವ ಗಂಡಸು, ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಇಡೀ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಎಲ್‌ರಾಯ್ ಬಿಟ್ಸಿಲಿಯ ದೃಢವಾದ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯವನ್ನು ಅವನು ಯಾರಿಂದಲೂ ಮುಚ್ಚಿಟ್ಟವನಲ್ಲ. ಕಯೆಂಟಾ ಊರಿನ ಪೆಟ್ರೋಲ್ ಬಂಕಿನಲ್ಲಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ, ಸಂತೆಯಲ್ಲಿ ಕುರಿಮಾಂಸದ ಸಾರಿಗೆ ಸಾಲು ನಿಂತಾಗ, ಹೀಗೆ ಕೇಳುವ ಕಿವಿ ಸಿಕ್ಕಲ್ಲೆಲ್ಲ ಹೇಳಿಕೊಂಡಿದ್ದ. ಶಾಲೆಯ ಬಸ್ಸುಗಳು ಯಾವ ದಾರಿಯಲ್ಲಿ ಹೋಗಬೇಕು, ಯಾವ ಮಣ್ಣುರಸ್ತೆಯ ತುದಿಯಲ್ಲಿ ಯಾವ ಮಗುವನ್ನು ಹತ್ತಿಸಿಕೊಳ್ಳಬೇಕು ಎಂದು ಗೊತ್ತುಮಾಡುವುದು ಅವನ ಕೆಲಸ. ಬೇಸಿಗೆ ಬಂತೆಂದರೆ ಆ ಸೀಮೆಯ ಗಡಿಯಾರಗಳು ಪಕ್ಕದ ಊರುಗಳ ಗಡಿಯಾರಗಳ ಜೊತೆ ಮಾತು ಬಿಡುತ್ತವೆ; ಇಲ್ಲೊಂದು ಹೊತ್ತು, ಗಡಿ ದಾಟಿದರೆ ಇನ್ನೊಂದು ಹೊತ್ತು! ಅಂಥ ಸೀಮೆಯಲ್ಲಿ ಬಸ್ಸು ಓಡಿಸುವ ಮಹಾನುಭಾವನಿಗೆ ಒಂದು ದಿನದ ಪ್ರವಾಸ ಯಾವ ಮೂಲೆಗೆ?

ಹಾಗಾಗಿ ಒಂದು ಬೆಳಿಗ್ಗೆ ಹೆಂಡತಿ ಅರ್ಲೀನ್ ಕಾಫಿ ಸುರಿಯುತ್ತ ವಿಷಯ ತೆಗೆದಾಗ ಅವನು ಎದೆ ಉಬ್ಬಿಸಿಯೇ ಕೇಳಿದ.

"ಅಮ್ಮನಿಗೆ ಕಣಿವೆಗೆ ಹೋಗ್ಬೇಕಂತೆ."

"ಯಾವ ಕಣಿವೆ?"

"ಇನ್ಯಾವುದು? ಇಡೀ ಜಗತ್ತು ವಿಮಾನ ಹತ್ತಿ ಬಂದು ಫೋಟೋ ಹೊಡ್ಕೊಳ್ಳೋ ಕಣಿವೆ. ನಮ್ಮ ಬಾಗಿಲಿಂದ ಕಾಣೋ ಕಣಿವೆ. ನೀನು ಮದುವೆ ಆದಾಗಿಂದ ‘ಮುಂದಿನ ವಾರ ಹೋಗೋಣ’ ಅಂತಿರೋ ಕಣಿವೆ."

ಮಾನ್ಯುಮೆಂಟ್ ವ್ಯಾಲಿ ಎಂದು ಹೊರಗಿನವರು ಕರೆಯುವ ಆ ಕೆಂಪು ಬಂಡೆಗಳ ಬಯಲು ಬೆಸ್ಸಿ ಅತ್ತೆಯವರ ಹುಟ್ಟೂರು. ಬುಗ್ಗೆ ಬತ್ತಿದ ವರ್ಷ ಕುರಿಮಂದೆಯ ಸಮೇತ ಕಯೆಂಟಾದ ಪಕ್ಕಕ್ಕೆ ಬಂದವರು ಆಮೇಲೆ ಒಂದಲ್ಲ ಒಂದು ಕಾರಣಕ್ಕೆ ತಿರುಗಿ ಹೋಗಿರಲಿಲ್ಲ. ಈಗ ಕಾರಣ ಸಿಕ್ಕಿತ್ತು. ಅರ್ಲೀನಳ ಮಗುವಿನ ಒಣಗಿದ ಹೊಕ್ಕುಳಬಳ್ಳಿ ಬಟ್ಟೆಯ ಗಂಟಿನಲ್ಲಿ ಇನ್ನೂ ಪೆಟ್ಟಿಗೆಯೊಳಗೇ ಇತ್ತು. ಅದನ್ನು ತಮ್ಮ ತಾಯಿಯ ಹಳೆಯ ಕುರಿದೊಡ್ಡಿಯ ಪಕ್ಕ, ತಮ್ಮ ಬಳ್ಳಿಯನ್ನು ಹೂತ ಜಾಗದಲ್ಲೇ ಹೂಳಬೇಕೆಂಬುದು ಅತ್ತೆಯ ಆಸೆ.

"ಬಳ್ಳಿ ಎಲ್ಲಿ ಮಣ್ಣು ಸೇರುತ್ತೋ ಮಗುವಿನ ಮನಸ್ಸು ಅಲ್ಲೇ ನಿಲ್ಲುತ್ತೆ. ಇಲ್ಲದಿದ್ರೆ ದಿಕ್ಕು ದೆಸೆ ಇಲ್ದೆ ಅಲೀತಾನಂತೆ," ಎಂದಳು ಅರ್ಲೀನ್. "ನಿಂದನ್ನ ಎಲ್ಲೋ ಬಸ್ ನಿಲ್ದಾಣದಲ್ಲಿ ಹೂತಿರ್ಬೇಕು ಅಂತಾರೆ ಅಮ್ಮ."

ಎಲ್‌ರಾಯ್ ಈ ಮಾತನ್ನು ಕೇಳಿಸಿಕೊಳ್ಳಲಿಲ್ಲ. ದೊಡ್ಡ ಮನುಷ್ಯರಿಗೆ ಸಣ್ಣ ಮಾತು ಕೇಳಿಸುವುದಿಲ್ಲ. ಲೋಟ ಕೆಳಗಿಟ್ಟು, ಕೈಯೆತ್ತಿ ಘೋಷಿಸಿದ: "ಬರೋ ಶನಿವಾರ! ನಾನೂ, ನೀನೂ, ಮಗೂ, ನಿಮ್ಮಮ್ಮ. ಒಂದೇ ಗಾಡೀಲಿ!"

"ಒಂದೇ ಗಾಡೀಲಿ?" ಅರ್ಲೀನಳ ಕಾಫಿ ಲೋಟದಿಂದ ಹೊರಗೆ ಚೆಲ್ಲಿತು. "ನೀನೂ ಅಮ್ಮಾನೂ?"

ಆಗ ಎಲ್‌ರಾಯ್‌ಗೆ ಸಮಸ್ಯೆಯ ನೆನಪಾಯಿತು.

ಅಳಿಯನಾದವನು ಅತ್ತೆಯ ಮುಖ ನೋಡಬಾರದು. ಅತ್ತೆ ಅಳಿಯನ ಮುಖ ನೋಡಬಾರದು. ನೋಡಿದರೆ ಕಣ್ಣು ಹೋಗುತ್ತದೆ. ಇದು ಹಿರಿಯರು ಮಾಡಿಟ್ಟ ಕಟ್ಟಳೆ. ಈಗಿನವರಲ್ಲಿ ಬಹಳ ಮಂದಿ ಇದನ್ನು ಬಿಟ್ಟಿದ್ದಾರೆ. ಅತ್ತೆಯ ಪಕ್ಕದಲ್ಲೇ ಕೂತು ಟಿವಿಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತ ಕೂಗಾಡುವ ಅಳಿಯಂದಿರು ಕಯೆಂಟಾದಲ್ಲಿ ಬೇಕಾದಷ್ಟಿದ್ದಾರೆ. ಬೆಸ್ಸಿ ಅತ್ತೆಯವರು ಮಾತ್ರ ಬಿಟ್ಟವರಲ್ಲ. ಎಲ್‌ರಾಯ್ ಮನೆ ಅಳಿಯ. ಅಲ್ಲಿ ಅದರಲ್ಲಿ ನಾಚಿಕೆಯೇನಿಲ್ಲ, ಮದುವೆಯಾದ ಗಂಡಸು ಹೆಂಡತಿಯ ತಾಯಿಯ ಅಂಗಳಕ್ಕೆ ಬಂದು ಸೇರುವುದೇ ರೂಢಿ. ಆದರೆ ಒಂದೇ ಅಂಗಳದಲ್ಲಿ ಈ ಕಡೆ ಇವನ ತಗಡಿನ ಮನೆ, ಆ ಕಡೆ ಅತ್ತೆಯವರ ದುಂಡುಮನೆ, ನಡುವೆ ಒಂದು ನೀರಿನ ಡ್ರಮ್ಮು! ಅತ್ತೆಯವರು ತಮ್ಮ ಊರುಗೋಲಿಗೆ ಮೇಕೆಯ ಗಂಟೆಯೊಂದನ್ನು ಕಟ್ಟಿಕೊಂಡಿದ್ದರು. ಗಂಟೆ ಗಣಗಣ ಎಂದ ತಕ್ಷಣ ಎಲ್‌ರಾಯ್ ಏನೇ ಮಾಡುತ್ತಿದ್ದರೂ ಬಿಟ್ಟು ಡ್ರಮ್ಮಿನ ಹಿಂದೆ ಕುಕ್ಕರಿಸುತ್ತಿದ್ದ. ಗಡ್ಡಕ್ಕೆ ಅರ್ಧ ಸೋಪು ಹಚ್ಚಿಕೊಂಡು ಕುಕ್ಕರಿಸಿದ್ದಾನೆ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಕುಕ್ಕರಿಸಿದ್ದಾನೆ. ಮದುವೆಯಾಗಿ ಮಗುವಾದರೂ ಅತ್ತೆಯ ಮುಖ ಉದ್ದವೋ ದುಂಡೋ ಅವನಿಗೆ ಗೊತ್ತಿರಲಿಲ್ಲ. ಅವನ ಮುಖವೂ ಅತ್ತೆಗೆ ಗೊತ್ತಿರಲಿಲ್ಲ.

"ಎರಡು ಗಾಡೀಲಿ ಹೋಗೋಣ," ಎಂದಳು ಅರ್ಲೀನ್. "ಇಲ್ಲಾ ನಾನೂ ಅಮ್ಮಾನೂ ಮಗು ಕರ್ಕೊಂಡು ಹೋಗಿ ಬರ್ತೀವಿ. ನೀನು ಮನೇಲಿರು."

ಮನೆಯಲ್ಲಿರುವುದು! ಸ್ವಂತ ಮಗನ ಬಳ್ಳಿ ಮಣ್ಣು ಸೇರುವಾಗ ಅಪ್ಪನಾದವನು ಡ್ರಮ್ಮಿನ ಹಿಂದೆ ಕೂತಿರುವುದು! ಎಲ್‌ರಾಯ್‌ಗೆ ನಿಜಕ್ಕೂ ಚುರುಕ್ಕೆಂದಿತು. ಅದನ್ನು ತೋರಿಸಿಕೊಳ್ಳದೆ ಗತ್ತಿನಿಂದ ಹೇಳಿದ: "ಅರ್ಲೀನ್, ನೀನು ಯಾರ ಹೆಂಡತಿ?"

"ಅದೇ ಯೋಚನೆ ಮಾಡ್ತಿದೀನಿ."

"ಯೋಜನೆ ನಂಗೆ ಬಿಡು!"

ಆ ವಾರವಿಡೀ ಯೋಜನೆ ತಯಾರಾಯಿತು. ಕಣಿವೆಯಲ್ಲಿ ಪ್ರವಾಸಿಗಳನ್ನು ಸುತ್ತಿಸುವ ದೊಡ್ಡಪ್ಪನ ಮಗನೊಬ್ಬನಿದ್ದ, ಲೆವಾನ್ ಎಂದು. ಅವನ ಪಿಕಪ್ ಗಾಡಿಯ ಹಿಂಭಾಗದಲ್ಲಿ ಸಾಲಾಗಿ ಬೆಂಚುಗಳು, ಮೇಲೆ ಚಾವಣಿ, ಪಕ್ಕಕ್ಕೆ ಸುತ್ತಿಡುವ ಟಾರ್ಪಾಲು. ಎಲ್‌ರಾಯ್ ಅದನ್ನು ಶನಿವಾರಕ್ಕೆ ಕಡ ತಂದ. ಅತ್ತೆಯವರು ಹಿಂದೆ, ಬೆಂಚಿನ ಮೇಲೆ, ಕುರಿಚರ್ಮ ಹಾಸಿಕೊಂಡು ಮಹಾರಾಣಿಯಂತೆ. ತಾನೂ ಅರ್ಲೀನೂ ಮಗುವೂ ಮುಂದೆ. ನಡುವಿನ ಗಾಜಿಗೆ ಅಡ್ಡಲಾಗಿ ಅರ್ಲೀನಳ ಒಳ್ಳೆಯ ಹೂವಿನ ಹೊದಿಕೆ ಕಟ್ಟಿದ. ಟಾರ್ಪಾಲು ಇಳಿಬಿಟ್ಟ. ಆಮೇಲೆ ಚಾಲಕನ ತಲೆಯ ಮೇಲಿರುವ ಹಿನ್ನೋಟದ ಕನ್ನಡಿಯನ್ನು ಸ್ಕ್ರೂ ಬಿಚ್ಚಿ ತೆಗೆದ. ಅದು ಸಾಲದೆಂದು ಪಕ್ಕದ ಕನ್ನಡಿಗಳೆರಡನ್ನೂ ಒಳಕ್ಕೆ ಮಡಚಿದ.

"ಕನ್ನಡಿ ಇಲ್ದೆ ಓಡಿಸ್ತೀಯಾ? ಹುಚ್ಚು ಗಿಚ್ಚು ಹಿಡೀತಾ?"

"ಮುನ್ನೋಟ ಇರೋನಿಗೆ ಹಿನ್ನೋಟ ಯಾಕೆ?" ಎಂದ ಎಲ್‌ರಾಯ್. ಈ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಪೆಟ್ರೋಲ್ ಹಾಕಿಸುವಾಗ ಬಂಕಿನವನಿಗೂ ಒಮ್ಮೆ ಹೇಳಿದ.

ಇನ್ನು ಸಂಪರ್ಕ ವ್ಯವಸ್ಥೆ. ಅತ್ತೆ ಅಳಿಯ ನೇರವಾಗಿ ಮಾತಾಡುವಂತಿಲ್ಲ. ಅದಕ್ಕೂ ಉಪಾಯವಿತ್ತು. ಅತ್ತೆಯವರು ಊರುಗೋಲಿನಿಂದ ತಗಡಿಗೆ ಒಮ್ಮೆ ಬಡಿದರೆ ‘ನಿಲ್ಲಿಸು’, ಎರಡು ಬಾರಿ ಬಡಿದರೆ ‘ಹೊರಡು’. ಅರ್ಲೀನ್ ದುಂಡುಮನೆಗೆ ಹೋಗಿ ಇದನ್ನೆಲ್ಲ ವಿವರಿಸಿದಳು. ಒಳಗಿನಿಂದ ಬಂದ ಉತ್ತರ ಅಂಗಳದಾಚೆಯ ಡ್ರಮ್ಮಿನ ತನಕ ಸ್ಪಷ್ಟವಾಗಿ ಕೇಳಿಸಿತು.

"ಕುರಿಗಳನ್ನ ಸಾಗಿಸೋದು ಹೀಗೇ ಕಣೇ. ಟಾರ್ಪಾಲು ಕಟ್ತಾರೆ, ತಗಡು ಬಡೀತಾರೆ. ನಿನ್ನ ಗಂಡನಿಗೆ ಹೇಳು, ನನ್ನ ಮೇವು ನಾನೇ ತರ್ತೀನಿ ಅಂತ."

ಶನಿವಾರ ಬೆಳಿಗ್ಗೆ ಎಲ್‌ರಾಯ್ ಕಣ್ಣು ಮುಚ್ಚಿಕೊಂಡು ಚಾಲಕನ ಸೀಟಿನಲ್ಲಿ ಕೂತ. ಗಂಟೆ ಗಣಗಣ ಎನ್ನುತ್ತ ಬಂತು, ಗಾಡಿ ಒಮ್ಮೆ ತೂಗಾಡಿತು, ಟಾರ್ಪಾಲು ಸರಸರ ಎಂದಿತು. ಬಡಿತ, ಇನ್ನೊಂದು ಬಡಿತ. ಹೊರಡು! ಡಾಂಬರು ರಸ್ತೆಯ ಮೇಲೆ ಗಾಡಿ ಜುಮ್ಮೆಂದು ಹೋಯಿತು. ಎಲ್‌ರಾಯ್ ಸಿಳ್ಳೆ ಹೊಡೆದ. ಮಗು ಹಲಗೆ ತೊಟ್ಟಿಲಲ್ಲಿ ಬಿಗಿದುಕೊಂಡು ಅರ್ಲೀನಳ ತೊಡೆಯ ಮೇಲೆ ನಿದ್ದೆ ಹೋಯಿತು. ದೂರದಲ್ಲಿ ಕೈಗವಸಿನಂಥ ಜೋಡಿ ಬಂಡೆಗಳು ಎದ್ದು ನಿಂತವು. ಕಣಿವೆಯ ಪ್ರವಾಸಿ ಉದ್ಯಾನದ ಬಾಗಿಲಲ್ಲಿ ಶುಲ್ಕ ವಸೂಲಿಗೆ ಕೂತಿದ್ದ ಹೆಣ್ಣುಮಗಳು ಲೆವಾನನ ಗಾಡಿಯನ್ನು ಕಂಡು, ಸಂಪಾದನೆಗೆ ಹೊರಟಿದ್ದಾನೆಂದುಕೊಂಡು ಕೈಬೀಸಿ ಬಿಟ್ಟಳು.

"ನೋಡಿದ್ಯಾ?" ಎಂದ ಎಲ್‌ರಾಯ್. "ಒಂದು ತೊಡಕು, ಒಂದೇ ಒಂದು ತೊಡಕು ಬಂತಾ?"

"ಇನ್ನೂ ಬೆಳಗಿನ ಹೊತ್ತು," ಎಂದಳು ಅರ್ಲೀನ್.

ಗಾಡಿ ನಿಲ್ಲಿಸುವ ಬಯಲಲ್ಲಿ ಅವನು ಡಬ್ಬಕ್ಕೆ ನೀರು ತುಂಬಿಸಲು ಇಳಿದ. ಇಳಿದವನು ಯೋಜನೆಯ ಪ್ರಕಾರ ತಲೆ ತಗ್ಗಿಸಿ, ಹಿಂಭಾಗದ ಕಡೆ ನೋಡದೆ ನೇರವಾಗಿ ನಡೆದ, ನೋಡದೆ ನೇರವಾಗಿ ಬಂದ. ಹಾಗಾಗಿ, ಗಾಡಿಯ ಮಗ್ಗುಲಲ್ಲಿ ಲೆವಾನ್ ಬರೆಸಿದ್ದ ‘ಕಣಿವೆ ದರ್ಶನ, ಹತ್ತಿ ಕುಳಿತುಕೊಳ್ಳಿ!’ ಎಂಬ ಹಳದಿ ಅಕ್ಷರಗಳನ್ನು ಅವನು ಮುಚ್ಚಿರಲಿಲ್ಲವೆಂಬುದು ಅವನಿಗೆ ಹೊಳೆಯಲೇ ಇಲ್ಲ. ಆ ಅಕ್ಷರಗಳನ್ನು ಓದಿದ ಜರ್ಮನಿಯ ಒಬ್ಬ ಎತ್ತರದ ಗಂಡಸು, ಅವನಷ್ಟೇ ಎತ್ತರದ ಅವನ ಹೆಂಡತಿ, ಇಬ್ಬರೂ ಚಪ್ಪಲಿಯೊಳಗೆ ಕಾಲುಚೀಲ ಹಾಕಿಕೊಂಡವರು, ಹಿಂದಿನ ಮೆಟ್ಟಿಲು ಹತ್ತಿ ಬೆಸ್ಸಿ ಅತ್ತೆಗೆ ತಲೆಬಾಗಿ ನಮಸ್ಕರಿಸಿ ಕೂತದ್ದೂ ಹೊಳೆಯಲಿಲ್ಲ. ಅತ್ತೆಗೆ ನವಾಹೊ ಬಿಟ್ಟು ಬೇರೆ ಮಾತು ಬಾರದು. ಬಂದವರು ಅಳಿಯನ ಸ್ನೇಹಿತರಿರಬೇಕು, ಹೇಳದೆ ಕೇಳದೆ ಕರೆದಿದ್ದಾನೆ, ಇಂಥವನೇ ಇವನು ಎಂದುಕೊಂಡು ಅವರಿಗೂ ಒಂದಿಷ್ಟು ಕುರಿಚರ್ಮ ಸರಿಸಿಕೊಟ್ಟರು. ಬಡಿತ, ಇನ್ನೊಂದು ಬಡಿತ. ಹೊರಡು!

ಮಣ್ಣುರಸ್ತೆ ಶುರುವಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಗಡಿನ ಮೇಲೆ ಒಂದು ಬಡಿತ. ಎಲ್‌ರಾಯ್ ನಿಲ್ಲಿಸಿದ. ಆಮೇಲೆ ಎರಡು ಬಡಿತ. ಹೊರಟ. ಮುಂದಿನ ಬಂಡೆಯ ಹತ್ತಿರ ಮತ್ತೆ ಬಡಿತ. ಅದರ ಮುಂದಿನ ಬಂಡೆಗೂ ಬಡಿತ. ಬಡಿದರೆ ಗಾಡಿ ನಿಲ್ಲುತ್ತದೆ, ಟಾರ್ಪಾಲು ಸರಿಸಿದರೆ ಬಂಡೆ ಕಾಣುತ್ತದೆ ಎಂಬ ಸತ್ಯವನ್ನು ಜರ್ಮನಿಯವರು ಕಂಡುಹಿಡಿದಿದ್ದರು!

"ಏನಾಗಿದೆ ನಿಮ್ಮಮ್ಮನಿಗೆ?" ಎಲ್‌ರಾಯ್ ಹಲ್ಲು ಕಡಿದ. "ಇಲ್ಲೇ ಹುಟ್ಟಿದವರು ಕಲ್ಲನ್ನ ನೋಡೇ ಇಲ್ವಾ?"

"ಎಷ್ಟು ವರ್ಷ ಆಯ್ತು ಬಂದು. ನೋಡ್ಲಿ ಬಿಡು."

ಹೊದಿಕೆಯ ಆಚೆಯಿಂದ ಅತ್ತೆಯವರ ಧ್ವನಿ ಒಂದೇ ಸಮನೆ ಕೇಳಿಸುತ್ತಿತ್ತು. "ಅದೋ, ಆ ಬಂಡೆ ಕೆಳಗೆ ನಮ್ಮ ಟಗರು ಬಿದ್ದು ಕಾಲು ಮುರ್ಕೊಂಡಿತ್ತು. ಇದೋ, ಇಲ್ಲಿ ನನ್ನ ಚಿಕ್ಕಮ್ಮ ಕುದುರೆ ಮೇಲಿಂದ ಜಾರಿ, ಬೈಗುಳ ಅಂದ್ರೆ ಬೈಗುಳ..." ಜರ್ಮನಿಯವರು ಇದು ಬಂಡೆಗಳ ಪುರಾತನ ಕಥೆಯೆಂದು ಭಾವಿಸಿ ಉಸಿರು ಬಿಗಿಹಿಡಿದು ಕೇಳುತ್ತಿದ್ದರೆಂಬುದು ಆಮೇಲೆ ತಿಳಿದದ್ದು.

"ಒಬ್ಬರೇ ಮಾತಾಡ್ತಿದಾರೆ!" ಎಂದ ಎಲ್‌ರಾಯ್.

ಅರ್ಲೀನ್ ಮಗು ಏಳದಂತೆ ಕತ್ತನ್ನಷ್ಟೇ ತಿರುಗಿಸಿ ಕೂಗಿದಳು: "ಅಮ್ಮಾ! ಯಾಕೆ ಪದೇ ಪದೇ ನಿಲ್ಲಿಸ್ತೀಯಾ?"

"ನಾನಲ್ಲ ಕಣೇ! ಇವರಿಗೆ ನೋಡ್ಬೇಕಂತೆ!"

"ಯಾರಿಗೆ?"

"ನನ್ನ ಪಕ್ಕ ಕೂತಿದಾರಲ್ಲ, ಇವರಿಗೆ! ಎಷ್ಟು ಎತ್ತರ ಇದಾರೆ, ಎಷ್ಟು ಬಿಳೀ ಇದಾರೆ! ಬಿಸಿಲಿಗೆ ಪಾಪ ಮುಖ ಎಲ್ಲ ಕೆಂಪಾಗಿದೆ."

ಎಲ್‌ರಾಯ್ ದನಿ ತಗ್ಗಿಸಿದ. "ಅರ್ಲೀನ್, ಹಿಂದೆ ಯಾರೂ ಇಲ್ಲ. ನಾವು ಹತ್ತಿಸಿದ್ದು ನಿಮ್ಮಮ್ಮನೊಬ್ಬರನ್ನೇ. ಈ ಕಣಿವೇಲಿ ಹಳೇ ಜನ..."

"ಬಾಯಿ ಮುಚ್ಚು! ಸತ್ತವರ ಮಾತು ಇಲ್ಲಿ ಆಡ್ಬಾರ್ದು!"

"ಇಳಿದು ನೋಡು ನೀನು."

"ಮಗು ಮಲಗಿದೆ. ಎಬ್ಬಿಸಿದ್ರೆ ನೀನೇ ಸಮಾಧಾನ ಮಾಡ್ತೀಯಾ?"

ಮಾಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎಲ್‌ರಾಯ್ ಧೈರ್ಯ ತಂದುಕೊಂಡು ಒಂದು ನಿರ್ಧಾರಕ್ಕೆ ಬಂದ. ಅತ್ತೆಗೆ ಬಿಸಿಲು ತಲೆಗೇರಿದೆ. ಇನ್ನು ಮೇಲೆ ಬಡಿತಕ್ಕೆ ಕಿವಿಗೊಡಬಾರದು. ಆದಷ್ಟು ಬೇಗ ದೊಡ್ಡಿ ಸೇರಬೇಕು. ದೊಡ್ಡಿಗೆ ಹೋಗುವುದಕ್ಕೆ ಪ್ರವಾಸಿಗಳ ರಸ್ತೆ ಬಿಟ್ಟು ಮನೆಯವರಷ್ಟೇ ಬಳಸುವ ಜಾಡು ಹಿಡಿಯಬೇಕೆಂದು ಅರ್ಲೀನ್ ಹೇಳಿದ್ದಳು. ಒಣಗಿದ ಹಳ್ಳದ ಹತ್ತಿರ ಜಾಡು ಎರಡಾಗಿ ಕವಲೊಡೆದಿತ್ತು. ಎಲ್‌ರಾಯ್ ಮುನ್ನೋಟ ಬೀರಿ ಎಡಕ್ಕೆ ತಿರುಗಿಸಿದ.

ದಬ್! ತಗಡು ಗಡಗಡ ಎಂದಿತು.

"ಅಮ್ಮ ನಿಲ್ಲಿಸು ಅಂತಿದಾರೆ!"

"ಕಲ್ಲು ನೋಡೋದಕ್ಕೆ. ಕೇಳಿಸ್ಕೋಬೇಡ."

ದಬ್! ದಬ್ ದಬ್ ದಬ್!

"ಇದೇನು, ನಾಲ್ಕು ಬಡಿತ? ಇದಕ್ಕೇನು ಅರ್ಥ?"

"ಎರಡು ಸಲ ಹೊರಡು ಅಂತ! ಇನ್ನೂ ಜೋರಾಗಿ ಹೋಗು ಅಂತ!"

ಎಲ್‌ರಾಯ್ ಇನ್ನೂ ಜೋರಾಗಿ ಹೋದ. ಹಳ್ಳದ ಮರಳು ಗಾಡಿಯ ಮುಂಗಾಲುಗಳನ್ನು ಪ್ರೀತಿಯಿಂದ ತಬ್ಬಿಕೊಂಡಿತು. ಎಂಜಿನ್ ಒಮ್ಮೆ ಗೊರಕೆ ಹೊಡೆದು ನಿಂತಿತು. ಆ ನಿಶ್ಶಬ್ದದಲ್ಲಿ ಹೊದಿಕೆಯ ಆಚೆಯಿಂದ ಒಬ್ಬ ಗಂಡಸಿನ ದಪ್ಪ ಧ್ವನಿ ಕೇಳಿಸಿತು: "ವುಂಡರ್‌ಬಾರ್!"

ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡರು. ಸದ್ಯ, ಅವರಿಗೆ ಆ ಕಟ್ಟಳೆಯಿರಲಿಲ್ಲ.

"ಹಳೇ ಜನಕ್ಕೆ ಜರ್ಮನ್ ಬರಲ್ಲ," ಎಂದಳು ಅರ್ಲೀನ್ ನಿಧಾನವಾಗಿ.

ಎಲ್‌ರಾಯ್ ಬಾಗಿಲು ತೆರೆದು ಹಾರಿದ. ಹಾರಿದವನಿಗೆ ಹಿಂದೆ ಅತ್ತೆಯಿರುವುದು ನೆನಪಾಯಿತು. ಹೋಗದಿದ್ದರೆ ಗಾಡಿಯಲ್ಲಿರುವವರು ಯಾರೆಂದು ಗೊತ್ತಾಗುವುದಿಲ್ಲ, ಹೋದರೆ ಕಣ್ಣು ಹೋಗುತ್ತದೆ. ಅವನು ಬೆನ್ನು ತಿರುಗಿಸಿದ. ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು, ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ ಇಡುತ್ತ ಗಾಡಿಯ ಹಿಂಭಾಗಕ್ಕೆ ಬಂದು ಆಕಾಶಕ್ಕೆ ಕೇಳಿದ: "ಯಾರ್ರೀ ನೀವು?"

"ಪ್ರವಾಸಿಗಳು!" ಎಂದಿತು ದಪ್ಪ ಧ್ವನಿ ಸಂತೋಷದಿಂದ. "ಬಹಳ ಚೆನ್ನಾಗಿದೆ ಸ್ವಾಮಿ! ಈ ಅಜ್ಜಿ ಬಹಳ ದೊಡ್ಡ ವಿದ್ವಾಂಸರು! ಆದ್ರೆ ನೀವು ಯಾಕೆ ಹಿಂದು ಮುಂದಾಗಿ ನಡೀತೀರಿ?"

ತೊಟ್ಟಿಲನ್ನು ಎತ್ತಿಕೊಂಡು ಬಂದ ಅರ್ಲೀನ್ ಹೇಳಿದಳು: "ಅದು ನಮ್ಮ ಪದ್ಧತಿ. ನಮ್ಮಮ್ಮನ ಮೇಲಿರೋ ಗೌರವ."

ಜರ್ಮನಿಯವರು ಸಂಸ್ಕಾರವಂತರು. ಇಬ್ಬರೂ ಕೆಳಗಿಳಿದು ಅಷ್ಟೇ ಗೌರವದಿಂದ ಅತ್ತೆಗೆ ಬೆನ್ನು ತಿರುಗಿಸಿ ನಿಂತರು. ಅತ್ತೆಯವರು ಟಾರ್ಪಾಲು ಸರಿಸಿ ನೋಡುತ್ತಾರೆ, ಮೂರು ಬೆನ್ನುಗಳು!

"ಯಾದಿಲಾ!" ಎಂದರು ಅತ್ತೆ. ನವಾಹೊ ಮುದುಕಿಯ ಬಾಯಲ್ಲಿ ಈ ಮಾತು ಬಂತೆಂದರೆ ಎದುರಿಗಿದ್ದವರ ಬುದ್ಧಿಯ ಬಗ್ಗೆ ಆಕೆಗೆ ಇನ್ನೇನೂ ಭರವಸೆ ಉಳಿದಿಲ್ಲವೆಂದು ಅರ್ಥ. "ಇವರಿಗೂ ಮಗಳು ಕೊಟ್ಟಿದೀನಾ ನಾನು? ಅರ್ಲೀನ್, ನಿನ್ನ ಗಂಡನಿಗೆ ಹೇಳು, ಬಲಕ್ಕೆ ತಿರುಗು ಅಂತ ಬಡಿದೆ. ಎಡಗಡೆ ಹಳ್ಳ ನನ್ನ ಅಜ್ಜನ ಕಾಲದಿಂದ ಗಾಡಿ ನುಂಗ್ತಾ ಇದೆ."

"ಬಲಕ್ಕೆ ತಿರುಗೋದಕ್ಕೆ ಬಡಿತ ಇಟ್ಟೇ ಇಲ್ಲ ಅಂತ ಹೇಳು ನಿಮ್ಮಮ್ಮನಿಗೆ!" ಎಂದ ಎಲ್‌ರಾಯ್ ಬೆಟ್ಟದ ಕಡೆ ಮುಖ ಮಾಡಿಕೊಂಡು.

"ಯೋಜನೆ ಹಾಕಿದ್ದು ಯಾರು ಅಂತ ಕೇಳು ಅವನನ್ನ."

"ಕೇಳಿಸ್ತಾ?" ಎಂದಳು ಅರ್ಲೀನ್. ಕೇಳಿಸಿತ್ತು.

ಗಾಡಿ ಎತ್ತಬೇಕಿತ್ತು. ಅರ್ಲೀನ್ ತೊಟ್ಟಿಲನ್ನು ಜೂನಿಪರ್ ಮರದ ನೆರಳಲ್ಲಿ ಬುಡಕ್ಕೆ ಒರಗಿಸಿ, ಅಮ್ಮನನ್ನು ಅದರ ಪಕ್ಕ ಕೂರಿಸಿ, ತಾನು ಸ್ಟಿಯರಿಂಗ್ ಹಿಡಿದಳು. ಹೊದಿಕೆಯನ್ನು ಬಿಚ್ಚಿ ಮುಂಚಕ್ರದ ಕೆಳಗೆ ಹಾಸಿದರೆ ಹಿಡಿತ ಸಿಗುತ್ತದೆ ಎಂದು ಎಲ್‌ರಾಯ್ ಹೇಳಿದ. ಒಳ್ಳೆಯ ಹೊದಿಕೆ ಎಂದು ಅರ್ಲೀನ್ ಹೇಳಿದಳು. ಒಳ್ಳೆಯ ಹೊದಿಕೆ ಬೇಕೋ ಮನೆಗೆ ಹೋಗಬೇಕೋ ಎಂದು ಅವನು ಕೇಳಿದ. ಅವಳು ಹೊದಿಕೆ ಬಿಚ್ಚಿ ಅವನ ಕಡೆ ಎಸೆದು ಎಂಜಿನ್ ಚಾಲೂ ಮಾಡಿದಳು, ಅವನು ಅದನ್ನು ಚಕ್ರದ ಕೆಳಗೆ ಹಾಸಿದ. ಎಲ್‌ರಾಯ್ ಮುಂದುಗಡೆ, ಜರ್ಮನಿಯವರು ಅವನ ಎಡಕ್ಕೂ ಬಲಕ್ಕೂ ನಿಂತು ಗಾಡಿಯನ್ನು ಹಿಂದಕ್ಕೆ ತಳ್ಳತೊಡಗಿದರು.

"ಹಿಂದೆ ಏನಿದೆ ಅಂತ ನಂಗೆ ಹೇಗೆ ಕಾಣ್ಬೇಕು? ಕನ್ನಡಿ ಎಲ್ಲಿ?" ಎಂದು ಅರ್ಲೀನ್ ಕೂಗಿದಳು.

ಕನ್ನಡಿ ಮನೆಯಲ್ಲಿ, ಡ್ರಮ್ಮಿನ ಮೇಲಿತ್ತು.

ಆಗಲೇ ಕಣಿವೆಯಲ್ಲಿ ಗಾಳಿಯೆದ್ದದ್ದು. ಕೆಂಪು ಧೂಳು ಸುರುಳಿ ಸುತ್ತುತ್ತ ಹಳ್ಳದ ಉದ್ದಕ್ಕೂ ಓಡಿ ಬಂತು. ಚಕ್ರ ಗಿರ್ರನೆ ತಿರುಗಿ ಎಲ್‌ರಾಯ್‌ನ ಮುಖಕ್ಕೆ ಒಂದು ಬುಟ್ಟಿಯಷ್ಟು ಮರಳು ಎರಚಿತು. ಗಾಡಿ ಜಿಗಿದು ಹಿಂದಕ್ಕೆ ಹೋಯಿತು. ತಳ್ಳುತ್ತಿದ್ದವನು ತಳ್ಳುವುದಕ್ಕೇನೂ ಉಳಿಯದೆ ಮುಗ್ಗರಿಸಿದ. ಬಿಡುಗಡೆಯಾದ ಹೊದಿಕೆ ಗಾಳಿಗೆ ಉಬ್ಬಿ, ಹೂಗಳ ಸಮೇತ ಮೇಲೆದ್ದು, ನೇರವಾಗಿ ಬಂದು ಅವನ ತಲೆಯಿಂದ ಮೊಣಕಾಲಿನ ತನಕ ಸುತ್ತಿಕೊಂಡಿತು. ಎಲ್‌ರಾಯ್ ಕೈ ಬೀಸಿದ, ಇನ್ನಷ್ಟು ಸುತ್ತಿಕೊಂಡಿತು. ಓಡಿದ, ಕಾಲಿಗೆ ತೊಡರಿತು. ದಡದ ಇಳಿಜಾರಿನಲ್ಲಿ ಹೂವಿನ ಮೂಟೆಯೊಂದು ಉರುಳುತ್ತ, "ಅರ್ಲೀನ್! ಅರ್ಲೀನ್!" ಎಂದು ಕೂಗುತ್ತ, ಜೂನಿಪರ್ ಮರದ ಬುಡಕ್ಕೆ ಬಂದು ದೊಪ್ಪೆಂದು ನಿಂತಿತು.

ಬೆಸ್ಸಿ ಅತ್ತೆಗೆ ಅಯ್ಯೋ ಎನ್ನಿಸಿತು. ಗಾಳಿಯ ಸದ್ದಿನಲ್ಲಿ ಕೂಗು ಯಾರದೆಂದು ತಿಳಿಯದೆ, ಮೂಟೆಯೊಳಗಿರುವುದು ಆ ಬಿಳಿಯ ಗಂಡಸು ಎಂದುಕೊಂಡರು. ಅತಿಥಿ, ಪಾಪ, ಊರು ಬಿಟ್ಟು ಊರಿಗೆ ಬಂದವನು. ಎದ್ದು ಬಂದು, "ಏಳಪ್ಪಾ, ಏಳು," ಎನ್ನುತ್ತ ಹೊದಿಕೆಯ ಅಂಚು ಹಿಡಿದು ಸರ್ರನೆ ಎಳೆದರು.

ಅತ್ತೆ ಅಳಿಯ, ಮೂಗಿಗೆ ಮೂಗು!

ಎಲ್‌ರಾಯ್ ಕಂಡದ್ದು ಸುಕ್ಕುಗಟ್ಟಿದ, ದುಂಡನೆಯ, ಅರ್ಲೀನಳದೇ ಗಲ್ಲವಿದ್ದ ಒಂದು ಮುಖ. ಅತ್ತೆ ಕಂಡದ್ದು ಕಿವಿಯಿಂದ ಕಿವಿಗೆ ಕೆಂಪು ಮರಳು ಮೆತ್ತಿದ, ಹುಬ್ಬಿನಲ್ಲಿ ಮುಳ್ಳು ಸಿಕ್ಕಿಸಿಕೊಂಡ, ಬಾಯಿ ತೆರೆದ ಮತ್ತೊಂದು ಮುಖ.

"ಯಾದಿಲಾ!" ಎಂದು ಅತ್ತೆ ಕಿರುಚಿದರು.

"ಅಮ್ಮಾ!" ಎಂದು ಎಲ್‌ರಾಯ್ ಕಿರುಚಿದ.

ಆಗ ಕೇಳಿಸಿತು. ಮರದ ಬುಡದಿಂದ, ಸಣ್ಣ ನೀರಿನ ಬುಗ್ಗೆ ಒಡೆದ ಹಾಗೆ. ಹಲಗೆ ತೊಟ್ಟಿಲಲ್ಲಿ ಬಿಗಿದುಕೊಂಡಿದ್ದ ಮಗು ಅಪ್ಪನನ್ನೂ ಅಜ್ಜಿಯನ್ನೂ ನೋಡಿ ನಗುತ್ತಿತ್ತು. ತುಟಿಯಂಚಿನ ನಗುವಲ್ಲ. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಹೊಟ್ಟೆ ಕುಣಿಸಿ, ಖಿಲಖಿಲ ಖಿಲಖಿಲ. ಹುಟ್ಟಿದ ಮೇಲೆ ಮೊಟ್ಟಮೊದಲ ಬಾರಿ!

ಅರ್ಲೀನ್ ಗಾಡಿಯಿಂದ ಜಿಗಿದು ಓಡಿ ಬಂದಳು. "ನಕ್ಕಿತಾ? ಮಗು ನಕ್ಕಿತಾ? ಯಾರು ನಗಿಸಿದ್ದು?"

"ನಾನು ಕುರುಡಾದೆ!" ಎಂದು ಎಲ್‌ರಾಯ್ ಕೂಗಿದ. "ಅರ್ಲೀನ್, ಕಣ್ಣು ಹೋಯ್ತು! ಏನೂ ಕಾಣ್ತಿಲ್ಲ! ಮಗನ ಮುಖ ಇನ್ನು ನೋಡೋ ಹಾಗಿಲ್ಲ!" ನಿಜವಾಗಿಯೂ ಅವನ ಕಣ್ಣಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು.

ಅರ್ಲೀನ್ ನೀರಿನ ಡಬ್ಬ ತಂದು ಅವನ ತಲೆಯ ಮೇಲೆ ಮಗುಚಿದಳು. "ಮರಳು ಕಣೋ. ಬರೀ ಮರಳು."

ನೀರಿಳಿಯಿತು. ಬಂಡೆಗಳು ಕಂಡವು. ಮಗ ಕಂಡ. ಪಕ್ಕದಲ್ಲಿ ಅತ್ತೆಯೂ ಕಂಡರು. ಅವರೂ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಎರಡೂ ನೆಟ್ಟಗಿದ್ದವು. ದೂರದಲ್ಲಿ ಜರ್ಮನಿಯವರು, ಇದು ಬಹಳ ಪವಿತ್ರವಾದ ಯಾವುದೋ ವಿಧಿಯಿರಬೇಕೆಂದುಕೊಂಡು, ಟೋಪಿ ತೆಗೆದು ನಿಂತಿದ್ದರು.

ಅತ್ತೆಯವರು ಲಂಗದ ಧೂಳು ಕೊಡವಿಕೊಂಡರು. ಮಗುವನ್ನು ತೊಟ್ಟಿಲ ಸಮೇತ ಎತ್ತಿಕೊಂಡರು. ಅಳಿಯನ ಕಡೆ ನೋಡದೆ, ಹಾಗೆಂದು ಮುಖ ತಿರುಗಿಸಿಕೊಳ್ಳದೆ, ಮಗಳಿಗೆ ಹೇಳಿದರು: "ಕಾಣೋದೆಲ್ಲ ಕಂ‌ಡಾಯ್ತು. ಇನ್ನೇನು ಅಡಗೋದು? ನಿನ್ನ ಗಂಡನಿಗೆ ಹೇಳು, ಸನಿಕೆ ತಗೊಂಡು ಬಾ ಅಂತ. ದೊಡ್ಡಿ ಈ ದಿಬ್ಬದ ಆಚೇನೇ ಇದೆ."

ದಿಬ್ಬದಾಚೆ ದೊಡ್ಡಿಯೆಂದರೆ ಈಗ ಒಂದಷ್ಟು ಒಣಗಿದ ಕಂಬಗಳು, ಬಿಸಿಲಿಗೆ ಬೆಳ್ಳಿಯ ಬಣ್ಣಕ್ಕೆ ತಿರುಗಿದವು. ಅತ್ತೆ ಒಂದು ಕಂಬದ ಬುಡದಲ್ಲಿ ನಿಂತು, ಊರುಗೋಲಿನಿಂದ ನೆಲ ಮುಟ್ಟಿ ತೋರಿಸಿದರು. ಎಲ್‌ರಾಯ್ ಮಂಡಿಯೂರಿ ಅಗೆದ. ಅರ್ಲೀನ್ ಬಟ್ಟೆಯ ಗಂಟನ್ನು ಅವನ ಕೈಗಿತ್ತಳು. ಅಷ್ಟು ಹಗುರವಾದದ್ದೊಂದು ಇಷ್ಟು ಭಾರವಾಗಿರಬಹುದೆಂದು ಅವನು ಅಂದುಕೊಂಡಿರಲಿಲ್ಲ. ಮಣ್ಣಿನೊಳಗೆ ಇಟ್ಟ. ಅತ್ತೆಯವರು ಮೆಲುದನಿಯಲ್ಲಿ ಏನೇನೋ ಹೇಳಿಕೊಂಡರು, ತಮ್ಮ ತಾಯಿಯ ಹೆಸರು, ಅವರ ತಾಯಿಯ ಕುಲದ ಹೆಸರು, ಕೊನೆಯಲ್ಲಿ ಮಗುವಿನ ಅಪ್ಪನ ಕುಲದ ಹೆಸರು. ಎಲ್‌ರಾಯ್ ತಲೆಯೆತ್ತಲಿಲ್ಲ. ಅವನ ಕಣ್ಣಲ್ಲಿ ಮತ್ತೆ ಸ್ವಲ್ಪ ಮರಳು ಹೋಗಿತ್ತು. ಹಾಗೆಂದು ಅರ್ಲೀನಳಿಗೆ ಹೇಳಿದ.

ತಿರುಗಿ ಬರುವಾಗ ಜಗಳ ಶುರುವಾಯಿತು. ನವಾಹೊ ಮಗುವನ್ನು ಮೊದಲು ನಗಿಸಿದವರು ಬಂಧುಬಳಗವನ್ನೆಲ್ಲ ಕರೆದು ಊಟ ಹಾಕಬೇಕು, ಮಗುವಿನ ಕೈಯಿಂದ ಎಲ್ಲರಿಗೂ ಕಲ್ಲುಪ್ಪು ಕೊಡಿಸಬೇಕು. ಅರ್ಲೀನಳ ಬಳಗವೆಂದರೆ ಅರ್ಧ ಕಯೆಂಟಾ.

"ನಗಿಸಿದ್ದು ನಿಮ್ಮಮ್ಮ," ಎಂದ ಎಲ್‌ರಾಯ್. "ಯಾದಿಲಾ ಅಂತ ಕಿರುಚಿದ ತಕ್ಷಣ ನಕ್ಕ."

"ನಗಿಸಿದ್ದು ಅವನು," ಎಂದರು ಅತ್ತೆ. "ಮಗು ನನ್ನ ಮುಖ ದಿನಾ ನೋಡುತ್ತೆ, ಒಂದು ದಿನಾನೂ ನಕ್ಕಿಲ್ಲ."

"ಇಬ್ಬರೂ ನಗಿಸಿದ್ದು," ಎಂದು ಅರ್ಲೀನ್ ತೀರ್ಪು ಕೊಟ್ಟಳು. "ಇಬ್ಬರೂ ಸೇರಿ ಊಟ ಹಾಕಿ. ಕುರಿ ಅಮ್ಮಂದು. ಕೆಲಸ ಎಲ್ಲಾ ನಿಂದು."

ಜರ್ಮನಿಯವರು ತಾವೂ ಬರುವುದಾಗಿ ಆಗಲೇ ಒಪ್ಪಿಕೊಂಡುಬಿಟ್ಟರು!

ಎಲ್‌ರಾಯ್‌ಗೆ ಊಟದ ಯೋಚನೆಗಿಂತ ಇನ್ನೊಂದು ಯೋಚನೆ ಹತ್ತಿತ್ತು. ಗಾಡಿಯ ಹತ್ತಿರ ಬಂದಾಗ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಅತ್ತೆಗೂ ಕೇಳಿಸುವಷ್ಟು ಪಿಸುಗುಟ್ಟಿದ: "ಕೇಳು ನಿಮ್ಮಮ್ಮನ್ನ. ನೋಡಿಯೂ ಆಯ್ತು, ಇಬ್ಬರ ಕಣ್ಣೂ ಗಟ್ಟಿಯಾಗಿದೆ. ಇನ್ನಾದ್ರೂ ಈ ಕಟ್ಟಳೆ ಬಿಡೋಣ್ವಾ? ಎಲ್ಲರ ಹಾಗೆ ಎದುರು ಬದುರು ಕೂತು ಕಾಫಿ ಕುಡಿಯೋಣ್ವಾ?"

ಅರ್ಲೀನ್ ಕೇಳಿದಳು. ಅತ್ತೆಯವರು ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ನಿಂತರು. ಮೊದಲ ಬಾರಿ, ನಿಧಾನವಾಗಿ, ಅಳಿಯನನ್ನು ಹಣೆಯಿಂದ ಗಲ್ಲದ ತನಕ, ಮತ್ತೆ ಗಲ್ಲದಿಂದ ಹಣೆಯ ತನಕ ಚೆನ್ನಾಗಿ ನೋಡಿದರು.

"ಇಷ್ಟು ದಿನ ನಂಗೂ ಅನುಮಾನ ಇತ್ತು ಕಣೇ, ಹಿರಿಯರು ಇದನ್ನ ಯಾಕೆ ಮಾಡಿದ್ರು ಅಂತ," ಎಂದು ನಿಟ್ಟುಸಿರಿಟ್ಟರು. "ಇವತ್ತು ಅರ್ಥ ಆಯ್ತು. ಟಾರ್ಪಾಲು ಇಳಿಸೋದಕ್ಕೆ ಹೇಳು."